ಮಗುವಿನ ಮೊದಲ ಮಣ್ಣುಹಾದಿ: ಬೇ ಏರಿಯಾದ ಐದು ಮೌಂಟನ್ ಬೈಕ್ ಜಾಗಗಳ ವಿಮರ್ಶೆ

ಪಾರ್ಕಿನ ಡಾಂಬರು ದಾರಿಯಲ್ಲಿ ಸಲೀಸಾಗಿ ಸೈಕಲ್ ಹೊಡೆಯುವ ಏಳೆಂಟು ವರ್ಷದ ಮಗುವನ್ನು ಮಣ್ಣಿನ ಹಾದಿಗೆ ಕರೆದೊಯ್ಯಬೇಕು ಅನ್ನಿಸಿದಾಗ ಹೆಚ್ಚಿನವರು ಫೋನ್ ತೆರೆದು ಹತ್ತಿರದಲ್ಲಿ ಹಸಿರು ಬಣ್ಣದ ಟ್ರೇಲ್ ಯಾವುದಿದೆ ಎಂದು ಹುಡುಕುತ್ತಾರೆ. ಹಸಿರು ಎಂದರೆ ಸುಲಭ. ಆದರೆ ಆ ಬಣ್ಣ ಕೊಟ್ಟಿದ್ದು ದೊಡ್ಡವರ ಕಾಲು, ದೊಡ್ಡವರ ಚಕ್ರ, ದೊಡ್ಡವರ ದಮ್ಮು ನೋಡಿಕೊಂಡು. ಮಗುವಿಗೆ ಹಾದಿ ಆರಿಸುವಾಗ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಡುದಾರಿಯಲ್ಲಿ ಮಗು ಸಾಕು ಎಂದು ಕೂತುಬಿಟ್ಟರೆ ವಾಪಸ್ ಬರುವುದು ಹೇಗೆ?

ಆ ಪ್ರಶ್ನೆಯನ್ನೇ ತಕ್ಕಡಿ ಮಾಡಿಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಐದು ಜಾಗಗಳನ್ನು ಇಲ್ಲಿ ತೂಗಿದ್ದೇವೆ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಸುತ್ತಲಿನ ಕನ್ನಡ ಮನೆಗಳಿಂದ ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಸಂಜೆಯೊಳಗೆ ವಾಪಸ್ ಬರಬಹುದಾದ ಜಾಗಗಳೇ ಎಲ್ಲವೂ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಮೊಟ್ಟಮೊದಲ ಸಲಕ್ಕೆ ಸಾಂಟಾ ಕ್ರೂಸ್ ಪಕ್ಕದ ವೈಲ್ಡರ್ ರಾಂಚ್‌ನ ಕಡಲಂಚಿನ ಹಾದಿ. ನಿಜವಾದ ಸಿಂಗಲ್ ಟ್ರ್ಯಾಕ್‌ನ, ಅಂದರೆ ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ಹಾದಿಯ, ರುಚಿ ಹತ್ತಿಸಲು ಸ್ಯಾನ್ ರಫೇಲ್‌ನ ಚೈನಾ ಕ್ಯಾಂಪ್. ಕೈಕಾಲು ಪಳಗಿಸಲು ನೊವಾಟೊದ ಸ್ಟಾಫರ್ಡ್ ಲೇಕ್ ಬೈಕ್ ಪಾರ್ಕ್. ಪಾಲೊ ಆಲ್ಟೊದ ಅರಾಸ್ಟ್ರಡೇರೊ ಹತ್ತಿರವಿದೆ, ಆದರೆ ಕಾಣುವಷ್ಟು ಮೆತ್ತಗಿಲ್ಲ. ಎಲ್ಲರೂ ಹೊಗಳುವ ಸೊಕೆಲ್ ಫ್ಲೋ ಟ್ರೇಲ್ ಕಲಿಯುವ ಮಗುವಿಗೆ ಸದ್ಯಕ್ಕೆ ಬೇಡ.

ಬಣ್ಣದ ಹಿಂದಿನ ಲೆಕ್ಕ

ಅಮೆರಿಕದಲ್ಲಿ ಬಳಕೆಯಲ್ಲಿರುವ ಹಸಿರು, ನೀಲಿ, ಕಪ್ಪು ಗುರುತುಗಳಿಗೆ ಆಧಾರ ಇಂಬಾ, ಅಂದರೆ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಮಾಡಿಟ್ಟ ಅಳತೆ. ಹಸಿರು ವೃತ್ತವಿದ್ದರೆ ಹಾದಿ ಕನಿಷ್ಠ 36 ಇಂಚು ಅಗಲ ಇರಬೇಕು, ಸರಾಸರಿ ಏರಿಳಿತ ಶೇ 5ರೊಳಗಿರಬೇಕು (ನೂರು ಅಡಿ ಸಾಗಿದರೆ ಐದು ಅಡಿ ಏರು), ಅತಿ ಕಡಿದಾದ ಕಡೆಯೂ ಶೇ 15 ದಾಟಬಾರದು, ಪಕ್ಕದಲ್ಲಿ ಸುತ್ತಿಹೋಗಲಾಗದ ಕಲ್ಲು ಬೇರುಗಳ ಎತ್ತರ 2 ಇಂಚಿನೊಳಗಿರಬೇಕು. ನೀಲಿ ಚೌಕಕ್ಕೆ ಬಂದರೆ ಅಗಲ 24 ಇಂಚಿದ್ದರೆ ಸಾಕು, ಸರಾಸರಿ ಏರು ಶೇ 10ರವರೆಗೆ ಹೋಗಬಹುದು, ಅಡ್ಡಿಗಳ ಎತ್ತರ 8 ಇಂಚಿನವರೆಗೆ ಇರಬಹುದು.

ಈಗ ಮನೆಯ ಎರಡು ಸೈಕಲ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಟೇಪು ಹಿಡಿದು ನೋಡಿ. ದೊಡ್ಡವರ 29 ಇಂಚಿನ ಚಕ್ರದ ಹಬ್ಬಿನ, ಅಂದರೆ ಅಚ್ಚು ಕೂರುವ ಗುಂಬದ, ನಡುಮಧ್ಯ ನೆಲದಿಂದ ಸುಮಾರು 37 ಸೆಂಟಿಮೀಟರ್ ಮೇಲಿರುತ್ತದೆ. ಮಗುವಿನ 20 ಇಂಚಿನ ಚಕ್ರದಲ್ಲಿ ಅದು 25 ಸೆಂಟಿಮೀಟರ್. ನೀಲಿ ಹಾದಿಯಲ್ಲಿ ಬರಬಹುದಾದ 8 ಇಂಚಿನ ಮೆಟ್ಟಿಲು ಎಂದರೆ 20 ಸೆಂಟಿಮೀಟರ್. ದೊಡ್ಡ ಚಕ್ರ ಅದಕ್ಕೆ ಆತು ಮೇಲೆ ಹತ್ತಿಕೊಳ್ಳುತ್ತದೆ. ಚಿಕ್ಕ ಚಕ್ರಕ್ಕೆ ಅದು ಹೆಚ್ಚುಕಡಿಮೆ ಹಬ್ಬಿನ ಮಟ್ಟಕ್ಕೆ ಬರುವ ಗೋಡೆ, ಢಿಕ್ಕಿ ಹೊಡೆದು ನಿಲ್ಲುತ್ತದೆ, ಮಗು ಹ್ಯಾಂಡಲ್ ಮೇಲೆ ಬೀಳುತ್ತದೆ. ಹಸಿರು ಹಾದಿಯ 2 ಇಂಚಿನ ಬೇರು ಕೂಡ ಮಗುವಿಗೆ ನಿಮ್ಮ 3 ಇಂಚಿನ ಬೇರಿನಷ್ಟು ಕುಲುಕುತ್ತದೆ. ಹಾಗಾಗಿ ಚಿಕ್ಕ ಚಕ್ರಕ್ಕೆ ಒಂದು ಬಣ್ಣ ಮೇಲಕ್ಕೆ ಲೆಕ್ಕ ಹಾಕುವುದು ಕ್ಷೇಮ. ಹಸಿರನ್ನು ನೀಲಿ ಎಂದುಕೊಳ್ಳಿ, ನೀಲಿಯನ್ನು ಕಪ್ಪು ಎಂದುಕೊಳ್ಳಿ.

ಭಾರದ ಲೆಕ್ಕವೂ ಹೀಗೆಯೇ. 25 ಕಿಲೊ ತೂಕದ ಮಗುವಿನ ಕೈಗೆ 11 ಕಿಲೊ ಸೈಕಲ್ ಕೊಟ್ಟರೆ ಅದು ಮೈತೂಕದ ಶೇ 44. 70 ಕಿಲೊ ತೂಗುವವರು 14 ಕಿಲೊ ಸೈಕಲ್ ಏರಿದರೆ ಶೇ 20 ಅಷ್ಟೇ. ನಿಮಗೆ ಲೆಕ್ಕಕ್ಕೇ ಇಲ್ಲದ ದಿಬ್ಬದಲ್ಲಿ ಮಗು ಇಳಿದು ತಳ್ಳುತ್ತಿದ್ದರೆ ಅದು ಸೋಮಾರಿತನ ಅಲ್ಲ.

ಇನ್ನೊಂದು ವಿಷಯ. ಇಲ್ಲಿ ಹೇಳುವ ಎರಡು ಸ್ಟೇಟ್ ಪಾರ್ಕ್‌ಗಳಲ್ಲಿ ಕಂಬಗಳ ಮೇಲೆ ಬಣ್ಣವನ್ನು ಹುಡುಕುತ್ತ ಹೋಗಬೇಡಿ. ಅಲ್ಲಿ ಸಿಗುವುದು ಟ್ರೇಲ್ ಹೆಸರು, ಬಾಣದ ಗುರುತು, ಯಾರಿಗೆ ಪ್ರವೇಶವಿದೆ ಎಂಬ ಚಿತ್ರ. ಬಣ್ಣ ಕಾಣುವುದು ಟ್ರೇಲ್‌ಫೋರ್ಕ್ಸ್‌ನಂಥ ಆ್ಯಪ್‌ಗಳಲ್ಲಿ, ಅದನ್ನು ತುಂಬಿದವರು ಸವಾರರೇ. ಆ್ಯಪ್ ನೋಡಲೇಬೇಕು, ಆದರೆ ಬಣ್ಣ ಬಿಟ್ಟು ಏರಿಳಿತದ ಗೆರೆ ನೋಡಿ. ಆ ಗೆರೆಯಲ್ಲಿ ಮೂರು ಸಂಗತಿ ಮುಖ್ಯ. ಒಟ್ಟು ಏರು ಎಷ್ಟು ಅಡಿ: ಮೊದಲ ಎರಡು ಮೂರು ಸಲಕ್ಕೆ 300 ಅಡಿಯೊಳಗಿರಲಿ, ದೂರ ಹೋಗಿಬರುವುದು ಸೇರಿ 3ರಿಂದ 5 ಮೈಲಿ. ಅತಿ ಕಡಿದಾದ ಭಾಗ ಎಷ್ಟು ಉದ್ದ: ಶೇ 10ರ ಏರು ಐವತ್ತು ಅಡಿಯಿದ್ದರೆ ತಳ್ಳಿಕೊಂಡು ಹೋಗಬಹುದು, ಕಾಲು ಮೈಲಿಯಿದ್ದರೆ ಅಂದಿನ ಸವಾರಿ ಅಲ್ಲಿಗೇ ಮುಗಿಯಿತು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಏರು ಮೊದಲ ಅರ್ಧದಲ್ಲಿದೆಯೋ ಕೊನೆಯ ಅರ್ಧದಲ್ಲಿದೆಯೋ. ಕಾರ್ ನಿಲ್ಲಿಸಿದ ಜಾಗದಿಂದ ಇಳಿಯುತ್ತ ಶುರುವಾಗುವ ಹಾದಿ ಎಷ್ಟು ಚೆನ್ನಾಗಿದ್ದರೂ ಮಗುವಿಗೆ ಬೇಡ. ಹೋಗುವಾಗ ಹಬ್ಬ, ಬರುವಾಗ ಬಿಸಿಲು, ಹಸಿವು ಮತ್ತು ಅದೇ ದಿಬ್ಬ.

ಫೈರ್ ರೋಡ್ ನಂಬಬೇಡಿ

ಅಗಲವಾಗಿದೆ, ಜೀಪು ಹೋಗುತ್ತದೆ, ಇನ್ನೇನು ಕಷ್ಟ ಎಂದು ಮಕ್ಕಳನ್ನು ಮೊದಲು ಫೈರ್ ರೋಡಿಗೆ ಕರೆದೊಯ್ಯುವವರು ಬಹಳ. ಬೇ ಏರಿಯಾದಲ್ಲಿ ಇದೇ ದೊಡ್ಡ ತಪ್ಪು. ಅಗ್ನಿಶಾಮಕ ಗಾಡಿ ಬೇಗ ಮೇಲೆ ಹತ್ತಲಿ ಎಂದು ಮಾಡಿದ ರಸ್ತೆ ಗುಡ್ಡದ ನೆತ್ತಿಗೆ ನೆಟ್ಟಗೆ ಹೋಗುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಕಾಂಕ್ರೀಟಿನಂತೆ ಗಟ್ಟಿಯಾಗಿ, ಅದರ ಮೇಲೆ ಸಣ್ಣ ಜಲ್ಲಿ ಗೋಲಿಗಳಂತೆ ಹರಡಿಕೊಂಡಿರುತ್ತದೆ. ಇಳಿಯುವಾಗ ವೇಗ ತಾನೇ ತಾನಾಗಿ ಏರುತ್ತದೆ, ಹೆದರಿದ ಮಗು ಹಿಂದಿನ ಬ್ರೇಕನ್ನು ಪೂರ್ತಿ ಹಿಡಿಯುತ್ತದೆ, ಚಕ್ರ ತಿರುಗುವುದು ನಿಂತು ಗೋಲಿಗಳ ಮೇಲೆ ಜಾರುತ್ತದೆ.

ಮೌಂಟನ್ ಬೈಕ್‌ನ ಹುಟ್ಟೂರು ಎಂದು ಹೆಸರಾದ ಮರಿನ್ ಕೌಂಟಿಯ ರಿಪ್ಯಾಕ್ ರಸ್ತೆಯೂ ಇಂಥದೇ ಫೈರ್ ರೋಡು. ಫೇರ್‌ಫ್ಯಾಕ್ಸ್ ಊರಿನ ಮೇಲಿನ ಈ ಇಳಿಜಾರಿನಲ್ಲಿ 1976ರಲ್ಲಿ ರೇಸು ಶುರುವಾಯಿತು. ಎರಡು ಮೈಲಿಗೂ ಕಡಿಮೆ ದೂರದಲ್ಲಿ ಸುಮಾರು 1,300 ಅಡಿ ಇಳಿತ, ಅಂದರೆ ಸರಾಸರಿ ಶೇ 12ಕ್ಕೂ ಹೆಚ್ಚು. ಹಳೆಯ ಸೈಕಲ್‌ಗಳ ಕೋಸ್ಟರ್ ಬ್ರೇಕು, ಅಂದರೆ ಪೆಡಲ್ ಹಿಂದಕ್ಕೆ ತುಳಿದು ನಿಲ್ಲಿಸುವ ಬ್ರೇಕು, ಒಂದೇ ಇಳಿತಕ್ಕೆ ಕಾದು ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಕೆಳಗೆ ಬಂದ ಮೇಲೆ ಹೊಸ ಗ್ರೀಸು ತುಂಬಬೇಕಿತ್ತು, ರಿಪ್ಯಾಕ್ ಎಂಬ ಹೆಸರು ಬಂದದ್ದೇ ಅದರಿಂದ. ಅದೇ ಕೋಸ್ಟರ್ ಬ್ರೇಕು ಇಂದಿಗೂ ಚಿಕ್ಕ ಮಕ್ಕಳ ಅಗ್ಗದ ಸೈಕಲ್‌ಗಳಲ್ಲಿ ಬರುತ್ತದೆ. ಅದರಲ್ಲಿ ಮಣ್ಣಿನ ಇಳಿಜಾರಿಗೆ ಹೋಗಬೇಡಿ. ಬಿಸಿಯಾಗುವುದಷ್ಟೇ ಅಲ್ಲ, ಪೆಡಲ್‌ಗಳನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಬೇಕಾದ ಹೊತ್ತಿನಲ್ಲಿ ಹಿಮ್ಮಡಿ ಸ್ವಲ್ಪ ಹಿಂದೆ ಒತ್ತಿದರೂ ಚಕ್ರ ಕಚ್ಚಿಕೊಳ್ಳುತ್ತದೆ. ಎರಡೂ ಕೈಗೆ ಬ್ರೇಕ್ ಲಿವರ್ ಇರುವ ಸೈಕಲ್ ಬೇಕು.

ವೈಲ್ಡರ್ ರಾಂಚ್: ಕಡಲಂಚಿನ ಹಾದಿ

ಸಾಂಟಾ ಕ್ರೂಸ್ ದಾಟಿ ಹೆದ್ದಾರಿ 1ರಲ್ಲಿ ಸ್ವಲ್ಪ ಮುಂದೆ ಹೋದರೆ ಎಡಕ್ಕೆ ವೈಲ್ಡರ್ ರಾಂಚ್ ಸ್ಟೇಟ್ ಪಾರ್ಕ್. ಹಿಂದೆ ಹೈನುಗಾರಿಕೆ ನಡೆಯುತ್ತಿದ್ದ ಫಾರ್ಮು. ಹಳೆಯ ಮನೆ, ಕೊಟ್ಟಿಗೆಗಳು ಇನ್ನೂ ಇವೆ. ಪಾರ್ಕಿನಲ್ಲಿ ಹೆದ್ದಾರಿಯ ಆಚೆಗೆ ಗುಡ್ಡ, ಈಚೆಗೆ ಕಡಲು. ಮಗುವಿಗೆ ಈಚೆಯದೇ ಸರಿ: ಓಲ್ಡ್ ಕೋವ್ ಲ್ಯಾಂಡಿಂಗ್ ಟ್ರೇಲ್, ಅದರ ಮುಂದುವರಿಕೆಯಾದ ಓಲೋನ್ ಬ್ಲಫ್ ಟ್ರೇಲ್.

ಕಡಲಿನ ಮೇಲಿನ ದಿಣ್ಣೆಯ ಅಂಚಿನಲ್ಲಿ, ಬ್ರಸೆಲ್ಸ್ ಸ್ಪ್ರೌಟ್ ಹೊಲಗಳ ಪಕ್ಕದಲ್ಲಿ ಸಾಗುವ ಹಾದಿ ಇದು. ಹೆಚ್ಚು ಭಾಗ ಟ್ರ್ಯಾಕ್ಟರ್ ಹೋಗುವಷ್ಟು ಅಗಲ, ಹೆಚ್ಚುಕಡಿಮೆ ಸಮತಟ್ಟು. ನಮ್ಮ ಕಡೆ ತೋಟದ ಬದಿಯ ಗಾಡಿದಾರಿ ನೋಡಿದವರಿಗೆ ತಕ್ಷಣ ಹಿಡಿಸುತ್ತದೆ. ಕಲಿಯುವ ಮಗುವಿಗೆ ಇಲ್ಲಿ ಸಿಗುವುದು ಏನೆಂದರೆ ಸಮತಟ್ಟಿನಲ್ಲೇ ಮಣ್ಣಿನ ಎಲ್ಲ ಮುಖಗಳ ಪರಿಚಯ. ಒಂದು ಕಡೆ ಮರಳು, ಒಂದು ಕಡೆ ಗಾಡಿಯ ಚಕ್ರ ಕೊರೆದ ಕಾಲುವೆ, ಇನ್ನೊಂದು ಕಡೆ ಹುಲ್ಲು ಬೆಳೆದ ನಡುದಿಬ್ಬ. ಮರಳಿನಲ್ಲಿ ಹ್ಯಾಂಡಲ್ ಬಿಗಿಹಿಡಿದಷ್ಟೂ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಸೀಟಿನ ಹಿಂಭಾಗಕ್ಕೆ ಸರಿದು ಕೂತು, ಕೈ ಸಡಿಲ ಬಿಟ್ಟು, ಹಗುರ ಗೇರಿನಲ್ಲಿ ನಿಲ್ಲಿಸದೆ ತುಳಿಯುತ್ತಿರಬೇಕು. ಕಾಲುವೆಗೆ ಚಕ್ರ ಇಳಿದರೆ ಪಕ್ಕಕ್ಕೆ ಎಳೆದು ಹತ್ತಿಸಲು ಹೋಗಬಾರದು. ಅದು ಮುಗಿಯುವವರೆಗೆ ಅದರಲ್ಲೇ ಸಾಗಬೇಕು, ಇಲ್ಲವೇ ನಿಂತು ಎತ್ತಿ ಆಚೆಗಿಡಬೇಕು. ಇವೆರಡನ್ನು ಇಲ್ಲಿ ಕಲಿತ ಮಗು ಮುಂದೆ ಯಾವ ಹಾದಿಯಲ್ಲೂ ಗಾಬರಿಯಾಗುವುದಿಲ್ಲ.

ಮೊದಲ ಸಲ ಫರ್ನ್ ಗ್ರೊಟೊ ಬೀಚ್‌ವರೆಗೆ ಹೋಗಿ ತಿರುಗಿದರೆ ಸಾಕು. ಬಂಡೆಯ ಗುಹೆಯ ಚಾವಣಿಯಿಂದ ಜರಿಗಿಡಗಳು ಜೋತಾಡುವ ಪುಟ್ಟ ಕಡಲತೀರ, ಮಗುವಿಗೆ ಗುರಿ ಎಂದು ತೋರಿಸಲು ಹೇಳಿ ಮಾಡಿಸಿದಂತಿದೆ. ದಾರಿಯಲ್ಲಿ ಬಂಡೆಗಳ ಮೇಲೆ ಸೀಲ್‌ಗಳು ಮಲಗಿರುತ್ತವೆ. ಸಾಮರ್ಥ್ಯ ಇದೆ ಅನ್ನಿಸಿದರೆ ಓಲೋನ್ ಬ್ಲಫ್ ಹಿಡಿದು ಮುಂದೆ ಹೋಗಬಹುದು. ಎಲ್ಲಿ ಬೇಕಾದರೂ ಹಿಂದಿರುಗಬಹುದು, ಹಿಂದಿರುಗುವಾಗ ದೊಡ್ಡ ಏರು ಇಲ್ಲ. ಈ ಜಾಗಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ಇದೊಂದೇ ಕಾರಣಕ್ಕೆ.

ಕೊರತೆಗಳು ಎರಡು. ಮೊದಲನೆಯದು ಗಾಳಿ. ಇಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಜೋರು ಗಾಳಿ ಏಳುತ್ತದೆ. ಅದೃಷ್ಟಕ್ಕೆ ಹೋಗುವ ದಿಕ್ಕು ಗಾಳಿಗೆ ಎದುರು, ಬರುವ ದಿಕ್ಕು ಗಾಳಿಯ ಜೊತೆ. ಹತ್ತು ಗಂಟೆಯೊಳಗೆ ಹೊರಟರೆ ಹೋಗುವಾಗ ಗಾಳಿ ಕಡಿಮೆ, ಬರುವಾಗ ಬೆನ್ನಿಗೆ ತಳ್ಳು. ಎರಡನೆಯದು ಕಡಲಂಚು. ಬೇಲಿ ಇಲ್ಲ, ಅಂಚಿನ ಮಣ್ಣು ಒಳಗಿಂದ ಕುಸಿದಿರುತ್ತದೆ. ಕಡಲಿನ ಬದಿಯಲ್ಲಿ ದೊಡ್ಡವರು, ಹೊಲದ ಬದಿಯಲ್ಲಿ ಮಗು, ಇದರಲ್ಲಿ ರಾಜಿ ಬೇಡ. ಫೋಟೊ ತೆಗೆಯಲು ಸೈಕಲ್ ಮೇಲೆ ಕೂತೇ ಅಂಚಿಗೆ ಹೋಗುವುದು ಬೇಡವೇ ಬೇಡ. ಕಾರಿಗೆ ಪಾರ್ಕಿಂಗ್ ಶುಲ್ಕವಿದೆ, ನಾಯಿಗಳಿಗೆ ಪ್ರವೇಶವಿಲ್ಲ, ವೈಲ್ಡರ್ ಬೀಚ್ ಹಕ್ಕಿಗಳ ಗೂಡಿಗಾಗಿ ಮುಚ್ಚಿರುತ್ತದೆ.

ಹೆದ್ದಾರಿಯ ಕೆಳಗಿನ ಸುರಂಗ ದಾಟಿ ಆಚೆಯ ಗುಡ್ಡಕ್ಕೆ ಹೋದರೆ ಪಾರ್ಕಿನ ಸ್ವಭಾವವೇ ಬೇರೆ. ಎಂಗಲ್ಸ್‌ಮನ್, ವೈಲ್ಡರ್ ರಿಜ್ ಸುತ್ತುಗಳು ಮುಂದಿನ ವರ್ಷಕ್ಕಿರಲಿ. ಎನ್‌ಚಾಂಟೆಡ್ ಲೂಪ್ ಎಂಬ ಚಂದದ ಹೆಸರಿಗೆ ಮರುಳಾಗಬೇಡಿ, ಬೇರು ಮತ್ತು ಕಡಿದಾದ ಏರುಗಳದ್ದೇ ಕಾರುಬಾರು.

ಚೈನಾ ಕ್ಯಾಂಪ್: ಮೊದಲ ಸಿಂಗಲ್ ಟ್ರ್ಯಾಕ್

ಸ್ಯಾನ್ ರಫೇಲ್‌ನ ಪೂರ್ವಕ್ಕೆ, ಸ್ಯಾನ್ ಪಾಬ್ಲೊ ಕೊಲ್ಲಿಯ ದಡದಲ್ಲಿರುವ ಚೈನಾ ಕ್ಯಾಂಪ್ ಸ್ಟೇಟ್ ಪಾರ್ಕ್‌ಗೆ ಆ ಹೆಸರು ಬಂದದ್ದು 1880ರ ದಶಕದಲ್ಲಿ ಇಲ್ಲಿದ್ದ ಚೀನೀ ಸಿಗಡಿ ಮೀನುಗಾರರ ಹಳ್ಳಿಯಿಂದ. ಕ್ಯಾಲಿಫೋರ್ನಿಯಾದ ಬಹಳಷ್ಟು ಸ್ಟೇಟ್ ಪಾರ್ಕ್‌ಗಳು ಸೈಕಲ್‌ಗಳನ್ನು ಫೈರ್ ರೋಡಿಗಷ್ಟೇ ಬಿಡುತ್ತವೆ. ಇಲ್ಲಿ ಸಿಂಗಲ್ ಟ್ರ್ಯಾಕ್‌ಗೂ ಬಿಡುತ್ತಾರೆ, ಅದೂ ಮಗು ಹೋಗಬಹುದಾದ ಸಿಂಗಲ್ ಟ್ರ್ಯಾಕ್‌ಗೆ. ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದ ಪಾರ್ಕನ್ನು 2012ರಿಂದ ಫ್ರೆಂಡ್ಸ್ ಆಫ್ ಚೈನಾ ಕ್ಯಾಂಪ್ ಎಂಬ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದೆ. ಪಾರ್ಕಿಂಗ್‌ಗೂ ಟ್ರೇಲ್ ಬಳಕೆಗೂ ಶುಲ್ಕವಿದೆ. ಕೊಡುವಾಗ ಒಂದು ಕ್ಷಣವೂ ಯೋಚಿಸಬೇಕಾಗಿಲ್ಲ, ಆ ಹಣವೇ ಹಾದಿಯಾಗಿ ಕಾಣುತ್ತದೆ.

ಆರಿಸಬೇಕಾದ್ದು ಶೋರ್‌ಲೈನ್ ಟ್ರೇಲ್. ಬ್ಯಾಕ್ ರಾಂಚ್ ಮೆಡೋಸ್ ಎಂಬ ಕ್ಯಾಂಪಿಂಗ್ ಜಾಗದಲ್ಲಿ ಶುರು, ಅಲ್ಲಿಂದ ಮಿವಾಕ್ ಮೆಡೋಸ್‌ವರೆಗೆ ಹೋಗಿ ಬುತ್ತಿ ಬಿಚ್ಚಿ ವಾಪಸ್. ಗುಡ್ಡದ ಬುಡದಲ್ಲಿ, ಸೀರೆಯ ನೆರಿಗೆಯ ಹಾಗೆ ಒಳಗೆ ಹೊರಗೆ ಸುತ್ತುತ್ತ ಹೋಗುತ್ತದೆ. ಓಕ್ ನೆರಳು, ಬೇ ಲಾರೆಲ್ ಮರಗಳು. ಆ ಎಲೆ ಉಜ್ಜಿದರೆ ಪಲಾವ್ ಎಲೆಯನ್ನು ನೆನಪಿಸುವ, ಅದಕ್ಕಿಂತ ಖಾರವಾದ ಘಮ. ಏರುಗಳು ಇವೆ, ಆದರೆ ತುಂಡುತುಂಡಾಗಿವೆ: ಸ್ವಲ್ಪ ಹತ್ತು, ಸ್ವಲ್ಪ ಇಳಿ. ಮಗುವಿನ ಉಸಿರಿಗೆ ಇದು ಹೊಂದುತ್ತದೆ.

ಈ ಹಾದಿಯ ನಿಜವಾದ ಬೆಲೆ ಮ್ಯಾಪ್ ನೋಡಿದಾಗ ತಿಳಿಯುತ್ತದೆ. ಹಾದಿಯ ಕೆಳಗೆ, ಕೊಲ್ಲಿಯ ಬದಿಗೆ, ಅದರ ಜೊತೆಜೊತೆಗೇ ನಾರ್ತ್ ಸ್ಯಾನ್ ಪೆಡ್ರೊ ರೋಡ್ ಎಂಬ ಡಾಂಬರು ರಸ್ತೆ ಓಡುತ್ತದೆ. ಮಗು ಸುಸ್ತಾದರೆ, ಟೈರು ಪಂಕ್ಚರ್ ಆದರೆ, ಮೊಣಕಾಲು ತರಚಿದರೆ, ಹತ್ತಿರದ ಅಡ್ಡದಾರಿಯಲ್ಲಿ ರಸ್ತೆಗೆ ಇಳಿಯಬಹುದು. ಒಬ್ಬರು ಮಗುವಿನ ಜೊತೆ ನಿಲ್ಲುವುದು, ಇನ್ನೊಬ್ಬರು ಹೋಗಿ ಕಾರ್ ತರುವುದು. ಇಂಥ ಅನುಕೂಲ ಇರುವ ಸಿಂಗಲ್ ಟ್ರ್ಯಾಕ್ ಬೇ ಏರಿಯಾದಲ್ಲಿ ಅಪರೂಪ. ಒಂದೇ ಎಚ್ಚರಿಕೆ: ಭಾರೀ ಉಬ್ಬರದ ದಿನಗಳಲ್ಲಿ, ಅದರಲ್ಲೂ ಚಳಿಗಾಲದ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು, ಈ ರಸ್ತೆಯ ತಗ್ಗು ಭಾಗದ ಮೇಲೆ ಕೊಲ್ಲಿಯ ನೀರು ಹರಿಯುತ್ತದೆ. ಹೊರಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿಕೊಳ್ಳಿ.

ಇಲ್ಲಿ ಮಕ್ಕಳು ಬೀಳುವುದು ಹೆಚ್ಚಾಗಿ ಒಂದೇ ರೀತಿಯ ಜಾಗದಲ್ಲಿ: ನೆರಿಗೆಯ ಒಳಮೂಲೆಯಲ್ಲಿ. ಹಾದಿ ಸ್ವಲ್ಪ ಇಳಿದು, ತೋಡಿನ ಹತ್ತಿರ ಗಕ್ಕನೆ ತಿರುಗಿ, ತಕ್ಷಣ ಏರುತ್ತದೆ. ಮಗುವಿನ ಕಣ್ಣು ಮುಂದಿನ ಚಕ್ರದ ಮೇಲೇ ಇರುತ್ತದೆ, ತಿರುವು ಬಂದದ್ದು ತಡವಾಗಿ ಕಾಣುತ್ತದೆ, ತಿರುಗುತ್ತಿರುವಾಗಲೇ ಬ್ರೇಕ್ ಹಿಡಿಯುತ್ತದೆ. ತಿರುಗಿದ ಚಕ್ರಕ್ಕೆ ಬ್ರೇಕ್ ಬಿದ್ದರೆ ಅದು ಜಾರಿ ಸೈಕಲ್ ಅಡ್ಡಡ್ಡ ಮಲಗುತ್ತದೆ. ಇನ್ನು ಸಾಕಷ್ಟು ನಿಧಾನ ಮಾಡಿ ತಿರುವಿನಿಂದ ಪಾರಾದರೂ ಭಾರದ ಗೇರಿನಲ್ಲೇ ಇರುವುದರಿಂದ ಏರು ಸಿಕ್ಕೊಡನೆ ನಿಂತುಹೋಗುತ್ತದೆ, ಕಾಲೂರಲು ಕಣಿವೆಯ ಕಡೆಗೆ ಕಾಲು ಚಾಚಿದರೆ ಅಲ್ಲಿ ನೆಲವೇ ಇರುವುದಿಲ್ಲ.

ಪರಿಹಾರಕ್ಕೆ ಒಂದು ತಿರುವಿನಲ್ಲಿ ಹತ್ತು ನಿಮಿಷ ಕೊಟ್ಟರೆ ಸಾಕು. ನೇರ ಭಾಗದಲ್ಲೇ ಬ್ರೇಕ್ ಹಿಡಿದು ನಡಿಗೆಯ ವೇಗಕ್ಕೆ ತರಬೇಕು. ಅಲ್ಲೇ ಎರಡು ಗೇರ್ ಹಗುರ ಮಾಡಿಕೊಳ್ಳಬೇಕು. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಸೀಟಿನಿಂದ ಒಂದಿಷ್ಟು ಎದ್ದು, ಬ್ರೇಕ್ ಬಿಟ್ಟು ತಿರುಗಬೇಕು. ಎಲ್ಲಿಗೆ ನೋಡಬೇಕು ಎಂದು ಮಗುವಿಗೆ ಹೇಳುವ ಸುಲಭದ ಮಾತು: "ಹೊಕ್ಕುಳನ್ನ ಆ ಮರಕ್ಕೆ ತೋರ್ಸು ಪುಟ್ಟಾ." ಹೊಕ್ಕುಳು ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಹ್ಯಾಂಡಲ್ ತಾನೇ ತಿರುಗುತ್ತದೆ. ಕಾಲೂರುವುದಾದರೆ ಯಾವಾಗಲೂ ಗುಡ್ಡದ ಬದಿಯ ಕಾಲು. ಇದನ್ನು ಮನೆಯ ಮುಂದೆ ರಸ್ತೆಯಂಚಿನಲ್ಲೇ ರೂಢಿ ಮಾಡಿಸಿ.

ಹಾದಿ ಎರಡೂ ದಿಕ್ಕಿನದು. ನಡೆಯುವವರು, ಕುದುರೆಯವರು, ಜೋರಾಗಿ ಬರುವ ಸವಾರರು ಎಲ್ಲ ಇಲ್ಲೇ. ವೇಗದ ಮಿತಿ ಗಂಟೆಗೆ 15 ಮೈಲಿ. ಮಗುವಿನ ಸೈಕಲ್‌ಗೆ ಗಂಟೆ ಇರಲಿ, ಕುರುಡು ತಿರುವಿಗೆ ಮೊದಲು ಎರಡು ಸಲ ಬಾರಿಸಲಿ. ನಡೆಯುವವರಿಗೆ, ಕುದುರೆಗಳಿಗೆ ಸೈಕಲ್ ದಾರಿ ಬಿಡಬೇಕು. ಇಳಿಯುವವರು ಹತ್ತುವವರಿಗೆ ಬಿಡಬೇಕು. ಕುದುರೆ ಕಂಡರೆ ಇಳಿದು, ಹಾದಿಯ ಕೆಳಬದಿಗೆ ಸರಿದು, ಸವಾರರ ಜೊತೆ ಮಾತಾಡಿ. ಹೆಲ್ಮೆಟ್ ಹಾಕಿದ ಆಕಾರವೂ ಮನುಷ್ಯನೇ ಎಂದು ಕುದುರೆಗೆ ಗೊತ್ತಾಗುವುದು ದನಿಯಿಂದ. ಭಾನುವಾರ ಹನ್ನೊಂದರ ಹೊತ್ತಿಗೆ ಜನ ಜಾಸ್ತಿ. ಒಂಬತ್ತಕ್ಕೆ ಹಾದಿಯಲ್ಲಿದ್ದರೆ ಅರ್ಧ ತಲೆನೋವು ಕಡಿಮೆ.

ಅರಾಸ್ಟ್ರಡೇರೊ

ಪಾಲೊ ಆಲ್ಟೊ ನಗರದ 622 ಎಕರೆಯ ಈ ಹುಲ್ಲುಗುಡ್ಡ ಹೆದ್ದಾರಿ 280ರಿಂದ ಐದೇ ನಿಮಿಷ. ಶಾಲೆ ಮುಗಿಸಿ ಹೋಗಿಬರಬಹುದು. ಆದರೆ ಇಲ್ಲಿನ ಮಣ್ಣು ನಮ್ಮ ಎರೆಮಣ್ಣಿನ ಸೋದರ. ಮಳೆ ಬಿದ್ದರೆ ಅಂಟು, ಒಣಗಿದರೆ ಕಲ್ಲು. ಒದ್ದೆ ಇರುವಾಗ ಸೈಕಲ್‌ಗಳಿಗೆ ಗೇಟು ಮುಚ್ಚುತ್ತಾರೆ, ಅದು ಸರಿಯಾದ ನಿಯಮ. ಅಂಟಿದ ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ತುಂಬಿಕೊಂಡರೆ ಮಗುವಿನ ಚಕ್ರ ತಿರುಗುವುದೇ ಇಲ್ಲ. ಒದ್ದೆಯಲ್ಲಿ ಕುದುರೆ ತುಳಿದ ಗುರುತುಗಳು ಒಣಗಿ ಗಟ್ಟಿಯಾದ ಮೇಲೆ ಬೇಸಿಗೆಯುದ್ದಕ್ಕೂ ಹಲ್ಲು ಕಟಕಟಿಸುವಂತೆ ಕುಲುಕುತ್ತವೆ. ಏರುಗಳು ಚಿಕ್ಕವಾದರೂ ಕಡಿದು, ನೆರಳು ಕಮ್ಮಿ. ಮಳೆಗಾಲ ಮುಗಿದು ಮಣ್ಣು ಇನ್ನೂ ಸ್ವಲ್ಪ ಮೆತ್ತಗಿರುವ ಏಪ್ರಿಲ್, ಮೇ ತಿಂಗಳಲ್ಲಿ ಕೆರೆಯವರೆಗೆ ಹೋಗಿಬರಲು ಚೆನ್ನ. ಆಗಸ್ಟ್ ಮಧ್ಯಾಹ್ನ ಬೇಡ. ಕೆಲವು ಹಾದಿಗಳು ನಡೆಯುವವರಿಗೆ ಮಾತ್ರ, ಪ್ರತಿ ಕೂಡಲಿನಲ್ಲೂ ಕಂಬ ಓದಿ.

ಸ್ಟಾಫರ್ಡ್ ಲೇಕ್ ಬೈಕ್ ಪಾರ್ಕ್

ಮರಿನ್ ಕೌಂಟಿ 2015ರಲ್ಲಿ ತೆರೆದ ಈ ಪಾರ್ಕಿನಲ್ಲಿ ಹಾದಿಗಿಂತ ಪಾಠ ಮುಖ್ಯ. ಪುಟ್ಟ ಮಕ್ಕಳಿಗೇ ಒಂದು ಅಂಕಣ, ಪಂಪ್ ಟ್ರ್ಯಾಕ್, ಹಂತಹಂತವಾಗಿ ದೊಡ್ಡದಾಗುವ ದಿಬ್ಬಗಳ ಸಾಲು. ಪಂಪ್ ಟ್ರ್ಯಾಕ್ ಎಂದರೆ ಅಲೆಅಲೆಯಾದ ಮಣ್ಣಿನ ಉಬ್ಬುಗಳು. ಪೆಡಲ್ ತುಳಿಯದೆ, ಉಬ್ಬು ಹತ್ತುವಾಗ ಮೈ ಮಡಚಿ, ಇಳಿಯುವಾಗ ಕೈಕಾಲು ಚಾಚಿ ಒತ್ತುವುದರಿಂದಲೇ ಸೈಕಲ್ ಓಡುತ್ತದೆ. ಇಲ್ಲಿ ಒಂದು ಗಂಟೆ ಸುತ್ತಿದ ಮಗು ಸೀಟಿನಿಂದ ಎದ್ದು ನಿಲ್ಲಲು ಕಲಿಯುತ್ತದೆ, ಟ್ರೇಲ್‌ನಲ್ಲಿ ಅದೇ ಅರ್ಧ ವಿದ್ಯೆ. ಬಿದ್ದರೂ ಕಾರು ಕಣ್ಣಳತೆಯಲ್ಲೇ. ಸೀಟನ್ನು ಪೂರ್ತಿ ಇಳಿಸಿ, ಟೈರಿಗೆ ಗಾಳಿ ಸ್ವಲ್ಪ ಹೆಚ್ಚು ಹಾಕಿ. ಪಾರ್ಕ್ ಉಚಿತ, ಕಾರಿಗೆ ಶುಲ್ಕ, ಮಣ್ಣು ಒದ್ದೆಯಿದ್ದರೆ ಮುಚ್ಚಿರುತ್ತದೆ. ಸೌತ್ ಬೇಯಿಂದ ದೂರ ಎನ್ನುವುದೊಂದೇ ದೂರು. ಚೈನಾ ಕ್ಯಾಂಪ್ ದಿನವೇ ಇದನ್ನೂ ಸೇರಿಸುವ ಆಸೆ ಆಗುತ್ತದೆ, ಬೇಡ. ಸುಸ್ತಾದ ಮೈಯಲ್ಲಿ ದಿಬ್ಬ ಹಾರುವುದು ಮಣಿಕಟ್ಟು ಮುರಿದುಕೊಳ್ಳುವ ದಾರಿ.

ಸೊಕೆಲ್: ಇನ್ನೂ ಹೊತ್ತಿದೆ

ಸೊಕೆಲ್ ಡೆಮಾನ್‌ಸ್ಟ್ರೇಷನ್ ಸ್ಟೇಟ್ ಫಾರೆಸ್ಟ್‌ನಲ್ಲಿ 2015ರಲ್ಲಿ ಮುಗಿದ ಫ್ಲೋ ಟ್ರೇಲ್ ಸುಮಾರು 4 ಮೈಲಿ ರೆಡ್‌ವುಡ್ ಕಾಡಿನ ನಡುವೆ ತೊಟ್ಟಿಲಂತೆ ಬಾಗಿದ ತಿರುವುಗಳಲ್ಲಿ ಇಳಿಯುತ್ತದೆ. ಸ್ವಯಂಸೇವಕರು ಕಟ್ಟಿದ ಹಾದಿಗಳಲ್ಲಿ ಇಷ್ಟು ಸೊಗಸಾದದ್ದು ಕಡಿಮೆ. ವಿಡಿಯೊ ನೋಡಿದ ಮಕ್ಕಳು ಕೇಳಿಯೇ ಕೇಳುತ್ತಾರೆ. ತೊಂದರೆ ಇರುವುದು ಹಾದಿಯಲ್ಲಲ್ಲ, ಅದರ ಎರಡು ತುದಿಗಳಲ್ಲಿ. ಶುರುವಿಗೆ ತಲುಪಲು ಉದ್ದದ ಏರು, ಮುಗಿದ ಮೇಲೆ ಕಾರಿಗೆ ವಾಪಸಾಗಲು ಹಿನ್ಸ್ ಮಿಲ್ ರೋಡಿನ ಇನ್ನೊಂದು ಏರು. ನಡುವೆ ಬಿಟ್ಟು ಬರಲು ಡಾಂಬರು ರಸ್ತೆ ಇಲ್ಲ, ಫೋನ್ ಸಿಗ್ನಲ್ ನಂಬುವಂತಿಲ್ಲ. ವಾಪಸ್ ಬರುವುದು ಹೇಗೆ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ, ತುಳಿದುಕೊಂಡೇ ಬರಬೇಕು. 24 ಇಂಚಿನ ಸೈಕಲ್‌ಗೆ ಬಂದು, 1,000 ಅಡಿ ಏರನ್ನು ಬೇರೆಲ್ಲಾದರೂ ಅಳದೆ ಹತ್ತಿದ ಮೇಲೆ ಯೋಚಿಸಿ.

ಹೊರಡುವ ಮುನ್ನ ಸೈಕಲ್‌ಗೆ ಹದಿನೈದು ನಿಮಿಷ

ಬ್ರೇಕ್ ಲಿವರ್ ಹ್ಯಾಂಡಲ್‌ನಿಂದ ದೂರವಿದ್ದರೆ ಮಗು ಬೆರಳ ತುದಿಯಲ್ಲಿ ಹಿಡಿಯುತ್ತದೆ, ಅಲ್ಲಿ ಬಲವಿಲ್ಲ. ಲಿವರ್ ಬುಡದಲ್ಲೊಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಲಿವರ್ ಹತ್ತಿರ ಬರುತ್ತದೆ. ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರಬೇಕು. ಹತ್ತಿರ ತಂದ ಮೇಲೆ ಪೂರ್ತಿ ಹಿಡಿದಾಗ ಲಿವರ್ ಹ್ಯಾಂಡಲ್‌ಗೆ ತಾಗುತ್ತಿದ್ದರೆ ಕೇಬಲ್ ಬಿಗಿ ಮಾಡಿ. ಅಮೆರಿಕದ ಸೈಕಲ್‌ಗಳಲ್ಲಿ ಎಡಗೈ ಲಿವರ್ ಮುಂದಿನ ಬ್ರೇಕಿಗೆ, ಬಲಗೈ ಹಿಂದಿನದಕ್ಕೆ. ಊರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಊರಿನಿಂದ ಈಚೆಗೆ ಬಂದ ಮಗುವಾದರೆ ಅಂಗಳದಲ್ಲೇ ಇದನ್ನು ಮತ್ತೆ ಮತ್ತೆ ಮಾಡಿಸಿ.

ಟೈರಿನ ಬದಿಯ ಮೇಲೆ ಅಚ್ಚಾದ ಗರಿಷ್ಠ ಒತ್ತಡ ತುಂಬಿ ಮಗುವನ್ನು ಮಣ್ಣಿಗಿಳಿಸಿದರೆ ಸೈಕಲ್ ಚೆಂಡಿನಂತೆ ಪುಟಿಯುತ್ತದೆ. 25 ಕಿಲೊ ಮಗು, 2 ಇಂಚಿನ ಟೈರು, ಒಳಗೆ ಟ್ಯೂಬು, ಇಷ್ಟಿದ್ದರೆ 15ರಿಂದ 20 ಪಿಎಸ್‌ಐ ಸಾಕು, ಆದರೆ ಆ ಟೈರಿನ ಕನಿಷ್ಠ ಮಿತಿಯೂ ಅಲ್ಲೇ ಅಚ್ಚಾಗಿದ್ದರೆ ಅದಕ್ಕಿಂತ ಕೆಳಗೆ ಹೋಗಬೇಡಿ. ಗಾಳಿ ತೀರಾ ಕಮ್ಮಿಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಸೀಟು, ಕೂತಾಗ ಎರಡೂ ಪಾದಗಳ ಮುಂಭಾಗ ನೆಲ ಮುಟ್ಟುವಷ್ಟು ಎತ್ತರಕ್ಕಿರಲಿ. ಕ್ಯಾಲಿಫೋರ್ನಿಯಾದಲ್ಲಿ 18ರೊಳಗಿನವರಿಗೆ ಹೆಲ್ಮೆಟ್ ಕಾನೂನು, ಬೆರಳು ಮುಚ್ಚುವ ಗ್ಲೌಸ್ ನಮ್ಮ ಒತ್ತಾಯ. ಬೀಳುವ ಮಗು ಮೊದಲು ಊರುವುದು ಅಂಗೈ, ಅಂಗೈ ಸುಲಿದ ಮಗು ಹ್ಯಾಂಡಲ್ ಹಿಡಿಯುವುದಿಲ್ಲ.

ಏರಿನಲ್ಲಿ ದೊಡ್ಡವರು ಹಿಂದೆ, ಇಳಿತದಲ್ಲಿ ಮುಂದೆ. ಮುಂದಿದ್ದರೆ ವೇಗ ನಿಮ್ಮ ಕೈಯಲ್ಲಿ, ಎಲ್ಲಿ ಚಕ್ರ ಹಾಯಿಸಬೇಕು ಎಂಬುದೂ ಕಾಣುತ್ತದೆ. ಐದು ಸೈಕಲ್‌ನಷ್ಟು ಅಂತರ ಇರಲಿ. ಹಸಿವಿಗೆ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ನಿಂತು ಎರಡು ಗುಟುಕು ನೀರು, ಒಂದು ತುಂಡು ಚಿಕ್ಕಿ ಅಥವಾ ಅರ್ಧ ಬಾಳೆಹಣ್ಣು. "ಇನ್ನೆಷ್ಟು ದೂರ ಅಪ್ಪಾ?" ಎಂದು ಮೂರನೆಯ ಸಲ ಕೇಳಿದರೆ ತಿರುಗುವ ಹೊತ್ತಾಯಿತು ಎಂದೇ ಅರ್ಥ, ಗುರಿ ಎಷ್ಟೇ ಹತ್ತಿರವಿರಲಿ.

ಪೊದೆಯ ಬಗ್ಗೆ ಒಂದು ಮಾತು. ಚೈನಾ ಕ್ಯಾಂಪ್, ಅರಾಸ್ಟ್ರಡೇರೊ, ವೈಲ್ಡರ್ ಎಲ್ಲ ಕಡೆ ಪಾಯ್ಸನ್ ಓಕ್ ಇದೆ, ಮೈಗೆ ತಾಗಿದರೆ ತುರಿಕೆ ಎಬ್ಬಿಸುವ ಪೊದೆ. ಮಲೆನಾಡಿನವರಿಗೆ ಕೇರು ಮರದ ಸೊನೆ ಗೊತ್ತಿದ್ದರೆ ಇದೂ ಗೊತ್ತಾದಂತೆಯೇ, ಎರಡೂ ಒಂದೇ ಕುಟುಂಬದ ಗಿಡಗಳು. ಮೂರು ಮೂರು ಎಲೆ, ವಸಂತದಲ್ಲಿ ಹೊಳೆಯುವ ಹಸಿರು, ಬೇಸಿಗೆಯ ಕೊನೆಗೆ ಕೆಂಪು. ಮಕ್ಕಳು ಚಂದ ಎಂದು ಕೀಳುವುದು ಆ ಕೆಂಪನ್ನೇ. ತಾಗಿದರೆ ಆದಷ್ಟು ಬೇಗ ಸೋಪು ಮತ್ತು ತಣ್ಣೀರಿನಲ್ಲಿ ಉಜ್ಜಿ ತೊಳೆಯಿರಿ. ಹ್ಯಾಂಡಲ್ ಗ್ರಿಪ್, ಗ್ಲೌಸ್, ಶೂ ದಾರವನ್ನೂ ತೊಳೆಯಿರಿ, ಆ ಗಿಡದ ಎಣ್ಣೆ ಅವುಗಳಿಗೂ ಅಂಟಿರುತ್ತದೆ. ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳ ಮೈಗೆ ಹತ್ತುತ್ತದೆ, ಲೈಮ್ ಕಾಯಿಲೆ ಹರಡುವ ಜಾತಿಯೂ ಇಲ್ಲಿದೆ. ಮನೆಗೆ ಬಂದೊಡನೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ, ಸೊಂಟದ ಎಲಾಸ್ಟಿಕ್ ಗೆರೆ ನೋಡಿ.

ಶೋರ್‌ಲೈನ್ ಟ್ರೇಲ್‌ನಲ್ಲಿ ಬ್ಯಾಕ್ ರಾಂಚ್‌ನಿಂದ ಮಿವಾಕ್ ಮೆಡೋಸ್‌ಗೆ ಹೋಗಿಬರುವಾಗ ಒಳಮೂಲೆಯ ತಿರುವುಗಳಲ್ಲಿ ಕಾಲೂರದೆ, ಹೇಳಿಸಿಕೊಳ್ಳದೆ ಗೇರ್ ಬದಲಿಸಿಕೊಂಡು, ಕಾರಿನ ಹತ್ತಿರ ಬಂದ ಮೇಲೂ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹೊಡೆಯುತ್ತಿದ್ದರೆ ಮುಂದಿನ ಸಲ ಅದೇ ಗೇಟಿನಿಂದ ಬೇ ವ್ಯೂ ಟ್ರೇಲ್ ಹತ್ತಿಸಬಹುದು. ಅದರಲ್ಲಿ ಏರು ಮೊದಲು, ಇಳಿತ ಆಮೇಲೆ.